ಅಲುಗಾಡದ ಬ್ಯಾಂಕು

ಉಡುಪಿಯ ನಮ್ಮ ಹಲ್ಲಿನ ಡಾಕ್ಟರರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಎದುರಾಳಿಯ ಬಾಯಿಯಲ್ಲಿ ಹತ್ತಿ, ಜೊಲ್ಲು ಹೀರುವ ಪೈಪು, ಕನ್ನಡಿ ಮತ್ತು ತಮ್ಮ ಎರಡು ಬೆರಳು ಇಟ್ಟ ಮೇಲೆಯೇ ಅವರು ವಿಷಯ ಎತ್ತುವುದು. ಈ ಸಲ ನನ್ನ ದವಡೆ ಹಲ್ಲಿನ ರೂಟ್ ಕೆನಾಲಿಗೆ ಮೂರು ಸಿಟ್ಟಿಂಗ್ ಹಿಡಿಯಿತು. ಮೂರರಲ್ಲೂ ವಿಷಯ ಒಂದೇ: ನಂಬಬಹುದಾದ ಬ್ಯಾಂಕು ಯಾವುದು?

"ಮಾಷ್ಟ್ರೇ, ನೀವೇ ಹೇಳಿ" ಎಂದರು.

"ಆಆ" ಎಂದೆ.

"ಅದನ್ನೇ ನಾನೂ ಹೇಳುವುದು!" ಎಂದು ಏರೋಟರ್ ಚಾಲೂ ಮಾಡಿದರು.

ಬೇರೆ ಊರಿನವರು ಹೀಗೆ ಕೇಳಿದ್ದರೆ ಪಾಪ ಎನ್ನಬಹುದಿತ್ತು. ನಮ್ಮ ಕರಾವಳಿಯಲ್ಲಿ ತೆಂಗಿನ ಸಸಿ ನೆಟ್ಟ ಹಾಗೆ ಬ್ಯಾಂಕು ನೆಟ್ಟವರಿದ್ದಾರೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೆ ಬುನಾದಿ ಹಾಕಿದರೆ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಹಾಕಿದರು. 1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಸಿಂಡಿಕೇಟ್ ಬ್ಯಾಂಕನ್ನು ಕಟ್ಟಿದ ಮೂವರಲ್ಲಿ ಒಬ್ಬರಾದ ಟಿ.ಎಂ.ಎ. ಪೈಗಳಂತೂ ವೃತ್ತಿಯಲ್ಲಿ ಡಾಕ್ಟರರೇ. ಅವರ ಮಣಿಪಾಲದಲ್ಲಿ 1965ರಲ್ಲಿ ದಂತ ವೈದ್ಯಕೀಯ ಕಾಲೇಜು ಶುರುವಾಯಿತು. ನಮ್ಮವರು ಓದಿದ್ದು ಅಲ್ಲೇ. ಒಬ್ಬ ಡಾಕ್ಟರರು ಬ್ಯಾಂಕು ಕಟ್ಟಿದ ನೆಲದಲ್ಲಿ ಇನ್ನೊಬ್ಬ ಡಾಕ್ಟರರಿಗೆ ದುಡ್ಡಿಡಲು ಬ್ಯಾಂಕು ಸಿಗುತ್ತಿಲ್ಲ.

ಸಿಗದಿರಲು ಕಾರಣ ಅವರ ತಪಾಸಣೆಯ ಕ್ರಮ. "ಗಾಜಿನ ಬಾಗಿಲು, ಎ.ಸಿ., ಕಾಫಿ, ಇದೆಲ್ಲ ಕ್ಯಾಪ್ ಮಾರಾಯ್ರೇ. ಒಳಗೆ ಬೇರು ಹೇಗುಂಟು ನೋಡಬೇಕು." ಬ್ಯಾಂಕಿನ ಬೇರು ಕಾಣುವ ಎಕ್ಸ್‌ರೇ ಅವರಲ್ಲಿಲ್ಲ. ಹಾಗಾಗಿ ಹೋದ ಶಾಖೆಯಲ್ಲೆಲ್ಲ ಕೌಂಟರಿನ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು ನೋಡುತ್ತಾರೆ. "ಎಂಥ ಬೇಕಿತ್ತು ಸರ್?" ಎಂದು ಗುಮಾಸ್ತೆ ಕೇಳಿದರೆ, "ಎಂಥದೂ ಇಲ್ಲ, ಅಲುಗಾಡ್ತದಾ ನೋಡಿದ್ದು" ಎನ್ನುತ್ತಾರೆ. ಒಂದು ಕಡೆ ಮ್ಯಾನೇಜರು ಬಾಯ್ತುಂಬ ನಕ್ಕು ಸ್ವಾಗತಿಸಿದರಂತೆ. ಕೆಲಸ ಕೆಟ್ಟದ್ದು ಅಲ್ಲೇ. ಹಲ್ಲಿನ ಸಂದಿಯ ಕಿಟ್ಟ ಕಂಡ ಡಾಕ್ಟರರು ಅರ್ಜಿ ಮಡಚಿ ಎದ್ದರು. "ಸ್ವಂತ ಹಲ್ಲು ನೋಡಿಕೊಳ್ಳದವ ನನ್ನ ದುಡ್ಡು ನೋಡಿಕೊಳ್ತಾನಾ?"

ಅವರ ಜಪಮಂತ್ರ 'ಐದು ಲಕ್ಷ'. 2020ರ ಫೆಬ್ರವರಿ 4ರಂದು ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತಲ್ಲ, ಅಂದಿನಿಂದ ಹಿಡಿದದ್ದು. ಬ್ಯಾಂಕು ಮುಳುಗಿದರೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ ವಿಮೆಯಿಂದ ಸಿಗುವುದು ಅಷ್ಟೇ. ಹಾಗಾಗಿ ಬಡ್ಡಿಗೆ ಜಾಗ ಬಿಟ್ಟು, ದುಡಿದದ್ದನ್ನು ನಾಲ್ಕೂವರೆ ಲಕ್ಷದ ತುಂಡುಗಳನ್ನಾಗಿ ಮಾಡಿದರು. ಮೊದಲು ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರು. ಶಾಖೆ ಎಷ್ಟಿದ್ದರೂ ಲೆಕ್ಕ ಒಟ್ಟಿಗೇ ಎಂದು ಗೊತ್ತಾಯಿತು. ಒಂದನ್ನು ತಮ್ಮ ಹೆಸರಿಗೆ, ಇನ್ನೊಂದನ್ನು ಕ್ಲಿನಿಕ್ಕಿನ ಹೆಸರಿಗೆ ಮಾಡಿದರು. ಒಬ್ಬರೇ ಮಾಲೀಕರಾದರೆ ಅದೂ ಒಟ್ಟಿಗೇ. ಕೊನೆಗೆ ಒಂದನ್ನು ಕೆನರಾದಲ್ಲಿ, ಇನ್ನೊಂದನ್ನು ಸಿಂಡಿಕೇಟಿನಲ್ಲಿ ಇಟ್ಟು ನಿದ್ದೆ ಮಾಡಿದರು. ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾದೊಳಗೆ ಸೇರಿತು.

"ಏಪ್ರಿಲ್ ಒಂದು ಮಾರಾಯ್ರೇ! ಯಾರೋ ತಮಾಷೆ ಮಾಡ್ತಿದ್ದಾರೆ ಅಂತ ಕಂಡಿತು."

ವಿಲೀನದ ಸುದ್ದಿ ಏಳು ತಿಂಗಳ ಮೊದಲೇ ಪೇಪರಿನಲ್ಲಿ ಬಂದಿತ್ತು ಎಂದು ಕಣ್ಣಿನಲ್ಲೇ ಹೇಳಲು ನೋಡಿದೆ. ಅವರಿಗೆ ಅರ್ಥವಾಯಿತು. "ಪೇಪರು ಓದುವುದು ಹೊರಗೆ ಕಾಯುವವರು. ನಾನಲ್ಲ."

ಎರಡನೇ ಸಿಟ್ಟಿಂಗ್ ಸಂಜೆ. ಹೊರಗೆ ಜಡಿಮಳೆ. ಬೇರಿನೊಳಗೆ ಸೂಜಿ ಆಡುತ್ತಿರುವಾಗಲೇ ಕೊಡೆ ಮಡಚಿಕೊಂಡು ಪಿಗ್ಮಿಯವರು ಬಂದರು. ಡಾಕ್ಟರರು ಕೈಗವಸು ತೆಗೆದು ಡ್ರಾಯರಿನಿಂದ ಇನ್ನೂರು ರೂಪಾಯಿ ಕೊಟ್ಟರು. ಪುಟ್ಟ ಮಷೀನಿನಿಂದ ಬಂದ ಚೀಟಿಯನ್ನು ನೋಡದೆಯೇ ಡ್ರಾಯರಿಗೆ ತುರುಕಿದರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೂಡಿಸುವ ಈ ಪಿಗ್ಮಿಯನ್ನು 1928ರಲ್ಲಿ ಶುರುಮಾಡಿದ್ದೂ ಸಿಂಡಿಕೇಟಿನವರೇ. ಈಗ ಬಂದವರು ಮಾತ್ರ ಒಂದು ಸೊಸೈಟಿಯವರು.

"ಹದಿನಾಲ್ಕು ವರ್ಷದಿಂದ ಒಂದು ಮಳೆಗೂ ತಪ್ಪಿಸಿದವರಲ್ಲ. ನಂಬಿಕೆ ಅಂದರೆ ಇದು ಮಾಷ್ಟ್ರೇ!"

ನನ್ನ ಎದೆ ಧಸಕ್ಕೆಂದಿತು. ಸಹಕಾರಿ ಬ್ಯಾಂಕಾದರೆ ವಿಮೆ ಉಂಟು. ಸೊಸೈಟಿಯ ಠೇವಣಿಗೆ ಆ ಐದು ಲಕ್ಷದ ವಿಮೆ ಇಲ್ಲವೇ ಇಲ್ಲ. ಹೇಳಲೇಬೇಕೆಂದು "ಇಎ ಇಆ!" ಎಂದು ಕೂಗಿದೆ.

"ನೋವಾ? ಸ್ವಲ್ಪ ತಡೆದುಕೊಳ್ಳಿ, ಆಯ್ತು" ಎಂದರು.

ಮೂರನೇ ಸಿಟ್ಟಿಂಗಿಗೆ ಕಥೆ ಸಾಲಕ್ಕೆ ಬಂದಿತ್ತು. ಕ್ಲಿನಿಕ್ಕಿಗೆ ಎರಡನೇ ಕುರ್ಚಿ ಹಾಕುವ ಆಸೆ. ಒಂದು ಬ್ಯಾಂಕಿನವರು ಅರ್ಜಿ ಕೊಡುವ ಮೊದಲೇ ಮಂಜೂರು ಎಂದರು, ಆದರೆ ಸಾಲದ ಬೆನ್ನಿಗೆ ಒಂದು ವಿಮಾ ಪಾಲಿಸಿಯನ್ನೂ ಕಟ್ಟಿದರು. ಅಲ್ಲಿ ಇವರನ್ನು ನೋಡಿಕೊಳ್ಳಲೆಂದೇ ಇದ್ದ ರಿಲೇಶನ್‌ಶಿಪ್ ಮ್ಯಾನೇಜರು ಆರು ತಿಂಗಳಲ್ಲಿ ಮೂರು ಸಲ ಬದಲಾದರು. "ಎಲ್ಲ ಹಾಲುಹಲ್ಲು! ಅಭ್ಯಾಸ ಆಗುವುದರೊಳಗೆ ಉದುರಿ ಹೋಗ್ತಾರೆ."

ಅಲ್ಲಿಂದ ಎದ್ದು ಹಳೆಯ ಪೇಟೆಯ ಒಂದು ಸಣ್ಣ ಶಾಖೆಗೆ ಹೋದರಂತೆ. ಅಲ್ಲಿನ ಮ್ಯಾನೇಜರು ಕಾಫಿ ಕೊಡಲಿಲ್ಲ. ಎರಡು ವರ್ಷದ ಲೆಕ್ಕ ನೋಡಿ, ದಿನಕ್ಕೆ ಎಷ್ಟು ಜನ ಬರುತ್ತಾರೆಂದು ಕೇಳಿದರು. "ಡಾಕ್ಟ್ರೇ, ಇರುವ ಕುರ್ಚಿಯೇ ಬೆಳಗ್ಗೆ ಖಾಲಿ ಉಂಟಲ್ಲ? ಅದು ತುಂಬಲಿ. ಈ ಸಾಲ ಈಗ ನಿಮಗೆ ಬೇಡ. ಮತ್ತೆ, ಚಾಲ್ತಿ ಖಾತೆಗೆ ಬಡ್ಡಿ ಇಲ್ಲ, ತಿಂಗಳ ಖರ್ಚಿಗೆ ಬೇಕಾದಷ್ಟೇ ಅದರಲ್ಲಿ ಬಿಡಿ" ಎಂದು ಫೈಲು ವಾಪಸು ಕೊಟ್ಟರು.

ಡಾಕ್ಟರರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸಾಲ ಬೇಡ ಎನ್ನುವ ಬ್ಯಾಂಕನ್ನು ಎಲ್ಲಾದರೂ ಕಂಡಿದ್ದೀರಾ? ಒಳಗೆ ಏನೋ ಹುಳುಕು ಉಂಟು, ಅಲ್ಲವಾ?"

ಅಷ್ಟರಲ್ಲಿ ಹತ್ತಿ ತೆಗೆದಾಗಿತ್ತು. ಅರ್ಧ ನಾಲಿಗೆ ಮರಗಟ್ಟಿದ್ದರೂ ಮೂರು ಸಿಟ್ಟಿಂಗಿನಲ್ಲಿ ಮೊದಲ ಸಲ ನನ್ನ ಬಾಯಿ ನನ್ನದಾಗಿತ್ತು.

"ಡಾಕ್ಟ್ರೇ, ಹನ್ನೆರಡು ವರ್ಷದ ಹಿಂದೆ ನನ್ನ ಬುದ್ಧಿಹಲ್ಲು ನೋಡಿ, ಇದನ್ನು ಕೀಳುವುದು ಬೇಡ ಅಂದಿದ್ದಿರಿ. ನೆನಪುಂಟಾ?"

"ಉಂಟು. ಸುಮ್ಮನೆ ಯಾಕೆ ಕೀಳುವುದು?"

"ಕೀಳುವುದು ಬೇಡ ಎನ್ನುವ ಹಲ್ಲಿನ ಡಾಕ್ಟರರನ್ನು ನಾನೂ ಕಂಡವನಲ್ಲ. ಇವರಿಗೆ ಕೀಳಲಿಕ್ಕೆ ಬರುವುದಿಲ್ಲ ಅಂತ ತಿಳಿದು ಮಂಗಳೂರಿಗೆ ಹೋದೆ. ಬಸ್ಸಿನ ಖರ್ಚು, ಫೀಸು ಎಲ್ಲ ಕೊಟ್ಟ ಮೇಲೆ ಅವರೂ ಬೇಡ ಅಂದರು. ಆಮೇಲೆ ನಾನು ಈ ಕುರ್ಚಿ ಬಿಟ್ಟು ಬೇರೆ ಕಡೆ ಬಾಯಿ ತೆರೆದಿಲ್ಲ."

ಡಾಕ್ಟರರು ಕನ್ನಡಿಯನ್ನು ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಅಂದು. ಅದೇ ಹುರುಪಿನಲ್ಲಿ ಸೊಸೈಟಿಯ ವಿಮೆಯ ವಿಷಯವನ್ನೂ ಹೇಳಿ ಮುಗಿಸಿದೆ.

ಮರುದಿನ ಹಳೆಯ ಪೇಟೆಯ ಆ ಶಾಖೆಗೆ ಹೋಗಿ, ಕೌಂಟರು ಬಡಿಯದೆಯೇ ಖಾತೆ ತೆರೆದರೆಂದು ಕೇಳಿದೆ. ಪಿಗ್ಮಿಯವರಿಗೆ ದಿನದ ಇನ್ನೂರು ಈಗಲೂ ಹೋಗುತ್ತದೆ. ಹೊಸ ಖಾತೆಯಲ್ಲಿ ಇಟ್ಟದ್ದು ನಾಲ್ಕೂವರೆ ಲಕ್ಷ.