ಇಳಿಜಾರು ತಗಡಿನ ಸನ್ನಿಧಾನಕ್ಕೊಂದು ಬಿನ್ನಹ

ಟೆಹರಾನಿನ ಇಂಕ್ವಿಲಾಬ್ ಬೀದಿಯ ಕೇಬಲ್ ಪೆಟ್ಟಿಗೆಯ ನೆತ್ತಿಯ ಮೇಲೆ ವಿರಾಜಮಾನರಾದ ಶ್ರೀಮದ್ ಇಳಿಜಾರು ತಗಡಿನವರ ಸನ್ನಿಧಾನಕ್ಕೆ ಕರ್ನಾಟಕದ ಪಾಮರನೊಬ್ಬನ ಸಾಷ್ಟಾಂಗ ನಮಸ್ಕಾರಗಳು. ಈ ಕಡೆ ಕ್ಷೇಮ. ತಮ್ಮ ಕ್ಷೇಮ ವಿಚಾರಿಸುವ ಅಗತ್ಯವಿಲ್ಲ. ಬೆಸುಗೆ ಹಾಕಿಸಿಕೊಂಡು ಕೂತವರಿಗೆ ಅಲುಗಾಡುವ ಭಯವೆಲ್ಲಿಂದ?

ತಮ್ಮ ಅವತಾರದ ಕಥೆಯನ್ನು ಭಕ್ತಿಯಿಂದ ಓದಿಕೊಂಡಿದ್ದೇನೆ. 2017ರ ಡಿಸೆಂಬರ್ 27ರಂದು ವಿದಾ ಮೊವಾಹೆದ್ ಎಂಬ ಹೆಣ್ಣುಮಗಳು ಆ ಬೀದಿಯ ಪೆಟ್ಟಿಗೆ ಹತ್ತಿದರು. ಕಾನೂನು ಹೊದಿಸಿದ್ದ ಬಿಳಿ ತಲೆವಸ್ತ್ರ ತೆಗೆದು, ಕೋಲಿನ ತುದಿಗೆ ಕಟ್ಟಿ, ಸುಮ್ಮನೆ ಹಿಡಿದು ನಿಂತರು. ಕಲ್ಲಿಲ್ಲ, ಬೆಂಕಿಯಿಲ್ಲ. ಮನೆಯಲ್ಲಿ ಎರಡು ವರ್ಷ ತುಂಬದ ಕೂಸು. ಪೊಲೀಸರು ಅವರನ್ನು ಕರೆದೊಯ್ದ ಮೇಲೆ ಇನ್ನೊಬ್ಬಾಕೆ ಹತ್ತಿದರು, ಮತ್ತೊಬ್ಬಾಕೆ ಹತ್ತಿದರು. ಒಬ್ಬರನ್ನಂತೂ ಪೊಲೀಸಿನವನು ಮೇಲಿಂದ ತಳ್ಳಿ ಮೊಣಕಾಲಿಗೆ ಪೆಟ್ಟಾಗುವ ಹಾಗೆ ಮಾಡಿದ. ಆ ಚಳಿಗಾಲದಲ್ಲೇ ಯಾರೋ ಪುಣ್ಯಾತ್ಮರಿಗೆ ತಾವು ಹೊಳೆದಿರಿ. ಪೆಟ್ಟಿಗೆಗೆ ಮಳೆ ಊರಿನ ಸೂರಿನಂತೆ ಎರಡು ಕಡೆ ಇಳಿಜಾರು! ಹೆಣ್ಣುಮಕ್ಕಳು ಹತ್ತಿ ಜಾರಿ ಬಿದ್ದಾರೆಂಬ ತಮ್ಮ ಕಾಳಜಿಗೆ ನಾವು ಚಿರಋಣಿಗಳು.

ತಮ್ಮ ಬಡ ನೆಂಟರು ನಮ್ಮ ಕಡೆಯೂ ಇದ್ದಾರೆ. ಯಾರೂ ಕೂರಬಾರದೆಂದು ಅಂಗಡಿ ಕಟ್ಟೆಗೆ ಸಾಹುಕಾರರು ನೆಡಿಸುವ ಕಬ್ಬಿಣದ ಮೊಳೆಗಳು. ಒಮ್ಮೆ ಕತ್ತಲಲ್ಲಿ ಬಸ್ಸಿಗೆ ಕಾಯುತ್ತ ಕೂರಲು ಹೋಗಿ ಪಂಚೆ ಹರಿದುಕೊಂಡಿದ್ದೇನೆ. ಆದರೆ ಅವಕ್ಕೆ ಸಿಟ್ಟು ಕೂರುವವರ ಮೇಲೆ. ತಮ್ಮದು ನಿಲ್ಲುವವರ ಮೇಲೆ. ಎಷ್ಟಾದರೂ ದೊಡ್ಡ ಮನೆತನ.

ನಿಲ್ಲುವವರೆಂದಾಗ ತಮ್ಮ ಹಿರಿಯಣ್ಣನವರನ್ನು ಸ್ಮರಿಸದೆ ಮುಂದೆ ಹೋಗುವುದುಂಟೆ? ಇರಾನಿನ ಹನ್ನೆರಡು ಮಂದಿಯ ಗಾರ್ಡಿಯನ್ ಕೌನ್ಸಿಲ್. ಚುನಾವಣೆಗೆ ಯಾರು ನಿಲ್ಲಬಹುದು, ಯಾರು ಜಾರಬೇಕು ಎಂಬುದು ಅವರ ಕೃಪೆ. ಅವರಲ್ಲಿ ಆರು ಧರ್ಮಪಂಡಿತರನ್ನು ಸರ್ವೋಚ್ಚ ನಾಯಕರೇ ನೇಮಿಸುತ್ತಾರೆ. ಇನ್ನಾರು ಕಾನೂನು ಪಂಡಿತರ ಹೆಸರನ್ನು, ಅದೇ ನಾಯಕರು ನೇಮಿಸಿದ ನ್ಯಾಯಾಂಗದ ಮುಖ್ಯಸ್ಥರು ಮುಂದಿಡುತ್ತಾರೆ, ಸಂಸತ್ತು ಆರಿಸುತ್ತದೆ. ಆ ಸಂಸತ್ತಿಗೆ ನಿಲ್ಲುವವರನ್ನು ಸೋಸಿ ಕಳಿಸುವವರು? ಇದೇ ಹನ್ನೆರಡು ಮಂದಿ. ಮಾವನಿಗೆ ಅಳಿಯ ಜಾಮೀನು, ಅಳಿಯನಿಗೆ ಮಾವ. 2021ರಲ್ಲಿ ಅಧ್ಯಕ್ಷ ಪದವಿಗೆ ಹೆಸರು ಬರೆಸಿದವರು 592 ಜನ. ಜರಡಿಯಲ್ಲಿ ಉಳಿದವರು ಏಳು. ಹಿಂದೆ ಎಂಟು ವರ್ಷ ಅದೇ ಪದವಿಯಲ್ಲಿದ್ದ ರಫ್ಸಂಜಾನಿಯವರೇ 2013ರಲ್ಲಿ ಜಾರಿದರು. ನೋಡಿ, ಮತಪೆಟ್ಟಿಗೆಯನ್ನು ಯಾರೂ ಒಡೆಯಲಿಲ್ಲ, ಅದಕ್ಕೆ ಬೀಗವನ್ನೂ ಜಡಿಯಲಿಲ್ಲ. ಮುಚ್ಚಳವನ್ನು ತುಸು ಓರೆ ಮಾಡಿದರು, ಅಷ್ಟೇ. ಈ ವಿದ್ಯೆ ತಮಗೆ ಬಂದದ್ದು ಅವರಿಂದಲೇ ಎಂದು ನನ್ನ ಗುಮಾನಿ. ತಪ್ಪಿದ್ದರೆ ಮನ್ನಿಸಬೇಕು.

ಆಜಂ ತಾಲೆಘಾನಿಯವರನ್ನು ತಾವು ಮರೆತಿರಲಾರಿರಿ. 1979ರ ಕ್ರಾಂತಿಯ ಹಿರಿಯ ಆಯತೊಲ್ಲಾ ಒಬ್ಬರ ಮಗಳು. ಅಧ್ಯಕ್ಷರನ್ನು 'ರೆಜಾಲ್'ಗಳ ನಡುವಿನಿಂದ ಆರಿಸಬೇಕು ಎನ್ನುತ್ತದೆ ಅಲ್ಲಿನ ಸಂವಿಧಾನ. ಆ ಪದಕ್ಕೆ ಗಂಡಸರೆಂದರ್ಥವೋ, ಗಣ್ಯರೆಂದೋ? ತಿಳಿಸಿಕೊಡಿ ಎಂದು ಆಕೆ 1997ರಲ್ಲೇ ಹೆಸರು ಬರೆಸಿ ಬಂದರು. 2017ರಲ್ಲಿ ಎಪ್ಪತ್ತು ದಾಟಿದ ಜೀವ ವಾಕರ್ ಹಿಡಿದು ಮತ್ತೆ ಬಂದಿತು. ನಿಲ್ಲಲು ಕಾಲಲ್ಲಿ ಬಲವಿಲ್ಲದಾಕೆ ನಿಲ್ಲುತ್ತೇನೆಂದು ಬಂದದ್ದು! ಆಕೆ 2019ರಲ್ಲಿ ತೀರಿಕೊಂಡರು. ಒಂದು ಪದದ ಅರ್ಥ ಹೇಳಲು ಹಿರಿಯಣ್ಣನವರಿಗೆ ಪುರುಸೊತ್ತಾಗಲಿಲ್ಲ. ನಿಘಂಟೊಂದನ್ನು ಅಂಚೆಯಲ್ಲಿ ಕಳಿಸಲೇ ಎಂದು ವಿನಯಪೂರ್ವಕ ಕೇಳುತ್ತಿದ್ದೇನೆ.

ತಾವು ನೆಲೆಸಿದ ಬೀದಿಯ ಮಹಿಮೆಯೂ ಸಣ್ಣದಲ್ಲ. ನಮ್ಮ ಹುಡುಗರು ಮೆರವಣಿಗೆಯಲ್ಲಿ ಕೂಗುವ ಇಂಕ್ವಿಲಾಬೇ ಅದರ ಹೆಸರು. ಪಶ್ಚಿಮಕ್ಕೆ ನಡೆಯುತ್ತ ಹೋದರೆ ಆಜಾದಿ ಚೌಕ. 2009ರ ಜೂನ್ 15ರಂದು 'ನನ್ನ ಮತ ಎಲ್ಲಿ?' ಎನ್ನುತ್ತ ಲಕ್ಷಾಂತರ ಜನ ಅದೇ ದಾರಿಯಲ್ಲಿ ನಡೆದರು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಸೋತರೆಂದು ಘೋಷಿತರಾದ ಮೌಸವಿಯವರನ್ನು ತಮ್ಮ ಕಡೆಯವರು 2011ರಲ್ಲಿ ಮನೆಯಲ್ಲೇ ಬಂದಿಯಾಗಿ ಕೂರಿಸಿದರು. ಹಿಂದೆ ಈ ಬೀದಿಗೆ ದೊರೆ ರೆಜಾ ಶಾನ ಹೆಸರಿತ್ತು. ಆತ 1936ರಲ್ಲಿ ಪೊಲೀಸರನ್ನು ಬಿಟ್ಟು ಹೆಂಗಸರ ತಲೆವಸ್ತ್ರ ಕೀಳಿಸಿದ. ಅವನ ವಂಶವನ್ನು ಓಡಿಸಿದವರು 1983ರಲ್ಲಿ, ತಲೆವಸ್ತ್ರ ಇಲ್ಲದಿದ್ದರೆ 74ರವರೆಗೆ ಛಡಿಯೇಟು ಎಂದು ಕಾನೂನು ಬರೆದರು. ಬೋರ್ಡು ಬದಲಾಯಿತು, ಕೈ ಮಾತ್ರ ಹೆಂಗಸರ ತಲೆಯ ಮೇಲೇ ಉಳಿಯಿತು. (ನಗಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. 2022ರಲ್ಲಿ ನಮ್ಮ ಉಡುಪಿಯ ಕಾಲೇಜು ಗೇಟಿನಲ್ಲಿ, ತೆಗೆದು ಬಾ ಎಂದು ಹುಡುಗಿಯರನ್ನು ನಿಲ್ಲಿಸಿದವರು ನಾವೇ.)

ಕೊನೆಯದಾಗಿ ತಾಂತ್ರಿಕ ವಿಷಯವೊಂದು. ವಿದಾ ಅವರು 2018ರ ಅಕ್ಟೋಬರಿನಲ್ಲಿ ಮತ್ತೆ ಬಂದರು. ಈ ಸಲ ಹತ್ತಿದ್ದು ಇಂಕ್ವಿಲಾಬ್ ಚೌಕದ ಗುಮ್ಮಟವನ್ನು, ಕೈಯಲ್ಲಿ ಬಣ್ಣಬಣ್ಣದ ಬಲೂನು. ಗುಮ್ಮಟವೂ ಎಲ್ಲ ಕಡೆ ಇಳಿಜಾರೇ ಅಲ್ಲವೇ ಸ್ವಾಮಿ? ಆಮೇಲೆ 2022ರ ಸೆಪ್ಟೆಂಬರ್ 16ರಂದು, ತಲೆವಸ್ತ್ರದ ಪೊಲೀಸರು ಹಿಡಿದೊಯ್ದಿದ್ದ 22ರ ಹುಡುಗಿ ಮಹ್ಸಾ ಜೀನಾ ಅಮೀನಿ ತೀರಿಹೋದಳು. ನಲವತ್ತನೆಯ ದಿನ ಅವಳ ಊರು ಸಕ್ಕೆಜ್‌ನ ಸ್ಮಶಾನದ ದಾರಿಯಲ್ಲಿ ಜನವೋ ಜನ. ಬೆನ್ನ ಮೇಲೆ ಕೂದಲು ಹರಡಿಕೊಂಡ ಹೆಣ್ಣೊಬ್ಬಳು ಕಾರಿನ ಮೇಲೆ ಹತ್ತಿ ಕೈ ಎತ್ತಿ ನಿಂತಿದ್ದಳು.

ಕಾರಿನ ತಲೆ ಈಗಲೂ ಚಪ್ಪಟೆಯಾಗಿಯೇ ಇದೆ. ಇರಾನಿನ ಅಷ್ಟೂ ಕಾರುಗಳಿಗೆ ಎಷ್ಟು ತಗಡು ಬೇಕಾದೀತು, ಬೆಸುಗೆಯವರ ಕೂಲಿ ಎಷ್ಟು ಬಿದ್ದೀತು ಎಂದು ಸನ್ನಿಧಾನವು ದಯಮಾಡಿ ಅಂದಾಜುಪಟ್ಟಿ ಕಳಿಸಿಕೊಡಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಪಂಚೆ ಹರಿದುಕೊಂಡವನು