ಸದ್ದಿಲ್ಲದೆ ಓದತಕ್ಕದ್ದು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಎಂಥ ಮೌನವೆಂದರೆ, ಮೂಲೆಯ ಯಜಮಾನರ ಗೊರಕೆ ಬಿಟ್ಟರೆ ಬೇರೆ ಸದ್ದೇ ಇರದು. ಸಂಪಾದಕೀಯ ಪುಟವನ್ನು ಮುಖಕ್ಕೆ ಹೊದ್ದು ಮಲಗುವುದನ್ನು ಅಲ್ಲಿ ಓದು ಎಂದೇ ಪರಿಗಣಿಸುತ್ತಾರೆ. ‘ಮೌನ ಕಾಪಾಡಿ’ ಬೋರ್ಡಿನ ಕೆಳಗೆ ಎಫ್‌ಡಿಎ ಪರೀಕ್ಷೆಯ ಹುಡುಗರು ಮನೆಯಿಂದ ತಂದ ಗೈಡು ಉರು ಹೊಡೆಯುತ್ತಿರುತ್ತಾರೆ. ಗ್ರಂಥಾಲಯದ ಪುಸ್ತಕಗಳು ಗಾಜಿನ ಬೀರುವಿನೊಳಗೆ ಕ್ಷೇಮ. ಬೀಗದ ಕೈ ಇಟ್ಟುಕೊಂಡವರು ರಜೆ.

ಇಂಥ ತಪೋವನಕ್ಕೆ ಮೊನ್ನೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅವನಿಗೆ 26. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಅಕ್ಷರ ಕೂಡಿಸುವುದು ಆಗದು. ಆದರೆ ಪುಸ್ತಕವೆಂದರೆ ಪ್ರಾಣ. ರೈಲಿನ ಚಿತ್ರ ಸಿಕ್ಕರಂತೂ ಬೋಗಿಗಳನ್ನು ಗಟ್ಟಿಯಾಗಿ ಎಣಿಸುತ್ತಾನೆ. ಎಣಿಸಿದ. ಹನ್ನೊಂದನೇ ಬೋಗಿಗೆ ಗೊರಕೆ ನಿಂತಿತು.

ಗುಮಾಸ್ತರು ಎದ್ದು ಬಂದರು. “ಅವರಿಗೆ ಓದೋಕೆ ಬರುತ್ತಾ ಸಾರ್?”

“ಬರಲ್ಲ.”

“ಮತ್ತೆ ಲೈಬ್ರರಿಗ್ಯಾಕೆ?”

ನಾನು ಸಂಪಾದಕೀಯ ಹೊದ್ದವರ ಕಡೆ ನೋಡಿದೆ. “ಅವರು ಡೈಲಿ ಬರೋರು” ಎಂದರು. ಸೇವಾ ಹಿರಿತನದ ಮುಂದೆ ನನ್ನ ವಾದ ಎಲ್ಲಿ ನಿಂತೀತು? ಚಿತ್ರದ ಪುಸ್ತಕ ಇರುವ ಮಕ್ಕಳ ವಿಭಾಗಕ್ಕೆ ಹೋದರೆ, ಹದಿನಾಲ್ಕು ದಾಟಿದವರಿಗೆ ಪ್ರವೇಶವಿಲ್ಲ. ದೊಡ್ಡವರ ವಿಭಾಗದಲ್ಲಿ ಚಿತ್ರವಿಲ್ಲ. ಎರಡರ ನಡುವೆ ಉಳಿಯುವುದು ಮೆಟ್ಟಿಲು.

ಈ ಹುಡುಗನಿಗೆ ನಾಮಕರಣಗಳಿಗೇನೂ ಬರವಿಲ್ಲ. ಮಂದಬುದ್ಧಿ ಅಂದರು, ಬುದ್ಧಿಮಾಂದ್ಯ ಅಂದರು, ವಿಶೇಷ ಚೇತನ ಅಂದರು, ಈಚೆಗೆ ದಿವ್ಯಾಂಗ. ಇಷ್ಟು ಬಡ್ತಿ ಪಡೆದ ನೌಕರ ಯಾವ ಇಲಾಖೆಯಲ್ಲೂ ಇರಲಿಕ್ಕಿಲ್ಲ. ಕೂರಲು ಕುರ್ಚಿಯೊಂದು ಮಂಜೂರಾಗಬೇಕು, ಅಷ್ಟೆ.

2016ರ ಹಕ್ಕುಗಳ ಕಾಯ್ದೆ 21 ಬಗೆಯ ವಿಕಲತೆಗಳನ್ನು ಪಟ್ಟಿ ಮಾಡಿದೆ. ಇಪ್ಪತ್ತೊಂದಕ್ಕೂ ನಮ್ಮ ಕಟ್ಟಡದವರ ಮದ್ದು ಒಂದೇ: ರ‍್ಯಾಂಪು. ಗಾಲಿಕುರ್ಚಿಯವರಿಗೆ ಅದು ಬೇಕೇ ಬೇಕು (ಸದ್ಯ ಅದರ ಮೇಲೆ ಯಾರದೋ ಸ್ಕೂಟರ್ ನಿಂತಿದೆ). ನಮ್ಮ ಹುಡುಗ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುವವನು. ಅವನಿಗೆ ರ‍್ಯಾಂಪು ಬೇಕಿರುವುದು ವಾಕ್ಯಗಳಿಗೆ. ಪುಟ್ಟ ವಾಕ್ಯ, ದಪ್ಪ ಅಕ್ಷರ, ಮಗ್ಗುಲಲ್ಲೇ ಚಿತ್ರ, ಜೊತೆಗೆ ಕೂತು ಓದಿ ಹೇಳುವ ಒಬ್ಬರು.

ಸ್ವೀಡನ್ನಿನವರು ದೊಡ್ಡವರ ಕಥೆಗಳನ್ನೇ ಸರಳ ಮಾತಿಗಿಳಿಸಿ 1968ರಿಂದ ಅಚ್ಚು ಹಾಕುತ್ತಿದ್ದಾರೆ. ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ ಇಂಥ ಪುಸ್ತಕಗಳಿಗೆಂದೇ 1997ರಲ್ಲಿ ಮಾರ್ಗಸೂಚಿ ಬರೆದು, 2010ರಲ್ಲಿ ತಿದ್ದಿಯೂ ಕೊಟ್ಟಿತು. ನಮ್ಮಲ್ಲಿ ಸಗಟು ಖರೀದಿ ನಡೆಯುವುದು ಪುಟದ ಲೆಕ್ಕದಲ್ಲಿ. ಪುಟಕ್ಕೆ ಹತ್ತೇ ಪದ ಹಾಕಿದರೆ ಸರ್ಕಾರಕ್ಕೆ ಟೋಪಿ ಹಾಕಿದಂತೆ. ಆರುನೂರು ಪುಟದ ಅಭಿನಂದನ ಗ್ರಂಥಕ್ಕೆ ಆ ಅಳುಕಿಲ್ಲ. ಯಾರೂ ಓದದ ಕಾರಣ ಅದು ಎಲ್ಲರಿಗೂ ಸಮಾನವಾಗಿ ಸುಲಭ.

1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲೇ. ಒಬ್ಬೊಬ್ಬ ಓದುಗನಿಗೂ ಅವನದೇ ಪುಸ್ತಕ ದಕ್ಕಬೇಕೆಂಬುದು ಎರಡನೆಯ ಸೂತ್ರ. ಪ್ರತಿ ಆಗಸ್ಟ್ 12ಕ್ಕೆ ಅವರ ಫೋಟೋಗೆ ಹಾರ ಬೀಳುತ್ತದೆ. ಸೂತ್ರ ಹೂ ಪೋಣಿಸಲು ಖರ್ಚಾಗಿರಬೇಕು.

ಅಕ್ಕ ಮನೆ ಕಂದಾಯದ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ಕಟ್ಟುತ್ತಾಳೆ. ಮಗನಿಗೆ ಓದು ಬರುತ್ತದೆಯೇ ಎಂದು ಆ ಕೌಂಟರಿನಲ್ಲಿ ಯಾರೂ ಕೇಳಿಲ್ಲ.

ಕೊನೆಗೆ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಗೇಟಿನ ವಾಚ್‌ಮನ್ ಅಲ್ಲೇ ಪೇಪರ್ ಹಿಡಿದಿದ್ದ. ಅವನದೂ ಕೂಡಿಸಿ ಕೂಡಿಸಿ ಓದುವ ಕ್ರಮ, ಅದೂ ಗಟ್ಟಿಯಾಗಿ. ಚಿರತೆಯೊಂದು ಯಾರದೋ ಮನೆಯ ಬಚ್ಚಲಿಗೆ ನುಗ್ಗಿದ ಸುದ್ದಿ. ನಮ್ಮ ಹುಡುಗ ನಕ್ಕು ನಕ್ಕು “ಇನ್ನೊಂದ್ಸಲ” ಎಂದ. ವಾಚ್‌ಮನ್ ಇನ್ನೊಂದು ಸಲ ಚಿರತೆಯನ್ನು ನುಗ್ಗಿಸಿದ. ಒಳಗಿನಿಂದ ಎಫ್‌ಡಿಎ ಹುಡುಗರಿಬ್ಬರು ಬಂದು ನಿಂತರು.

ಅವರ ಹಿಂದೆಯೇ ಗುಮಾಸ್ತರು, ಕಂಕುಳಲ್ಲಿ ರಿಜಿಸ್ಟರು. ಬೈಯಲು ಬಂದರೆಂದುಕೊಂಡೆ.

“ಸಾರ್, ಅವರದ್ದೂ ಒಂದು ರುಜು ಹಾಕಿಸಿಬಿಡಿ. ತಿಂಗಳ ಕೊನೆಗೆ ಓದುಗರ ಸಂಖ್ಯೆ ಕಳಿಸ್ಬೇಕು, ತಲೆ ಕಮ್ಮಿ ಬೀಳ್ತಿವೆ.”

ಅವನು ಪೆನ್ನು ಇಸಕೊಂಡು ರುಜುವಿನ ಜಾಗದಲ್ಲಿ ರೈಲು ಬರೆದ. ಬೋಗಿಗಳು ‘ಓದಿದ ಪುಸ್ತಕ’ದ ಕಾಲಂ ದಾಟಿ ‘ಷರಾ’ದವರೆಗೂ ಹೋದವು.