ಟೇಲ್ ಎಂಡ್‌ನವರ ಅಮೆರಿಕಾ ಯಾತ್ರೆ

ಕಾಲುವೆಯ ಕೊನೆಗೆ, ಅಂದರೆ ಟೇಲ್ ಎಂಡ್‌ನಲ್ಲಿ, ಹೊಲ ಇರುವವರನ್ನು ಯಾವ ದೇಶಕ್ಕೆ ಕರೆದೊಯ್ದರೂ ಅವರ ಕಣ್ಣು ಮೊದಲು ಹುಡುಕುವುದು ತೂಬನ್ನೇ. ನಮ್ಮ ಆದೋನಿ ಕಡೆಗೆ ತುಂಗಭದ್ರೆಯ ನೀರು ಬರುವುದು ಎಲ್‌ಎಲ್‌ಸಿ ಎಂಬ ಕೆಳಮಟ್ಟದ ಕಾಲುವೆಯಲ್ಲಿ. ಹೊಸಪೇಟೆಯ ಡ್ಯಾಮಿನಿಂದ ಹೊರಟು, ಬಳ್ಳಾರಿ ಜಿಲ್ಲೆಯವರನ್ನೆಲ್ಲ ಮಾತಾಡಿಸಿಕೊಂಡು ನಮ್ಮ ಹತ್ತಿರ ಬರುವಷ್ಟರಲ್ಲಿ ಅದಕ್ಕೆ ಉಸಿರೇ ಇರುವುದಿಲ್ಲ.

ಇಂಥ ನಮ್ಮಿಬ್ಬರನ್ನು ಮಗ ಮಿಶಿಗನ್‌ನಲ್ಲಿ ಆರ್‌ವಿ ಬಾಡಿಗೆಗೆ ಹಿಡಿದು ಸುತ್ತಿಸಿದ. ಗಾಡಿಯೊಳಗೇ ಒಲೆ, ಮಂಚ, ಸ್ನಾನದ ಮನೆ, ಪಾಯಿಖಾನೆ. ಒಲೆಗೂ ಪಾಯಿಖಾನೆಗೂ ನಡುವೆ ಎರಡೇ ಹೆಜ್ಜೆ ಎಂದು ಗೊತ್ತಾದ ಮೇಲೆ ನಮ್ಮಾಕಿ ಇಡೀ ದಿನ ಬಾಳೆಹಣ್ಣಿನಲ್ಲೇ ಕಳೆದಳು. "ನೀರಿನ ಟ್ಯಾಂಕ್ ಸಣ್ಣದೈತೆ, ನೋಡಿ ಬಳಸ್ರಿ" ಎಂದು ಮಗ ಎಚ್ಚರಿಸಿದ. ಯಾರಿಗೆ ಹೇಳುತ್ತಾನೆ! ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರಿಗೂ ಲೆಕ್ಕ ಇಟ್ಟವಳು ಆಕಿ. ಆಕಿಯ ಒಂದು ಚೊಂಬಿನ ಸಂಸಾರ ನೋಡಿ ಸೊಸೆಯೇ ಕಣ್ಣರಳಿಸಿದಳು.

ಹಾಗೆ ಹೋಗುತ್ತ ಸೂ ಸೇಂಟ್ ಮೇರಿ ಎಂಬ ಊರಲ್ಲಿ ಗಾಡಿ ನಿಲ್ಲಿಸಿ ದೋಣಿ ಹತ್ತಿಸಿದರು. ಸುಪೀರಿಯರ್ ಸರೋವರದಿಂದ ಹ್ಯೂರಾನ್ ಕಡೆಗೆ ಹರಿಯುವ ನದಿ ಅಲ್ಲಿ 21 ಅಡಿ ಕೆಳಗೆ ಬೀಳುತ್ತದೆ. ಹಡಗು ಹಾರಿ ಇಳಿಯಲಾರದಲ್ಲ, ಅದಕ್ಕೇ 1855ರಿಂದ ಅದನ್ನು ಏರಿಸಿ ಇಳಿಸುವ ಲಾಕ್‌ಗಳಿವೆ. ನಮ್ಮ ದೋಣಿ ಒಂದು ಕಾಂಕ್ರೀಟ್ ತೊಟ್ಟಿಯೊಳಗೆ ಹೋಯಿತು. ಹಿಂದೆ ಗೇಟು ಮುಚ್ಚಿತು. ತಳದಿಂದ ನೀರು ತುಂಬತೊಡಗಿತು. ಪಂಪಿಲ್ಲ, ಮೋಟರಿಲ್ಲ, ಮೇಲಿನ ಸರೋವರದ ನೀರು ತಾನಾಗಿಯೇ ಇಳಿದು ಬಂದು ದೋಣಿಯನ್ನು ಕೂಸಿನಂತೆ ಮೇಲೆತ್ತಿತು. ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಲೆಕ್ಕ ಹಾಕುತ್ತಿದ್ದೆ.

ಪಕ್ಕದಲ್ಲೇ ದೊಡ್ಡದು, ಪೋ ಲಾಕ್. 1,200 ಅಡಿ ಉದ್ದ, 110 ಅಡಿ ಅಗಲ. 21 ಅಡಿ ನೀರು ಏರಬೇಕೆಂದರೆ 27,72,000 ಘನ ಅಡಿ. ನೂರು ಕ್ಯೂಸೆಕ್‌ನ ಉಪಕಾಲುವೆ ಎಂಟು ಗಂಟೆಯ ಹತ್ತಿರ ಹರಿಯಬೇಕು. ಐದು ಸಾವಿರ ಲೀಟರಿನ ಟ್ಯಾಂಕರಾದರೆ ಹದಿನೈದು ಸಾವಿರಕ್ಕೂ ಮೇಲೆ! ಇಷ್ಟೆಲ್ಲ ಒಂದು ಹಡಗಿಗೆ, ಒಂದು ಸಲಕ್ಕೆ. ಆ ಹಡಗುಗಳಲ್ಲಿ ಹೋಗುವುದೋ, ಸಂಡೂರಿನಿಂದ ಲಾರಿಯಲ್ಲಿ ಹೋಗುವಂಥ ಕಬ್ಬಿಣದ ಅದಿರು.

ಮಗನಿಗೆ ಇದೆಲ್ಲ ಅಮೆರಿಕದ ಜಾಣತನ. ನಾನು ಬಿಡಲಿಲ್ಲ. ನಮ್ಮ ಕರ್ನೂಲಿನ ಕೆ.ಸಿ. ಕಾಲುವೆಯನ್ನು ತೋಡಿದ್ದೇ ನೀರಾವರಿಗೂ ದೋಣಿ ಸಂಚಾರಕ್ಕೂ ಎಂದು ತಿಳಿಸಿದೆ. ತುಂಗಭದ್ರೆಯ ಸುಂಕೇಸುಲದಿಂದ ಕಡಪದವರೆಗೆ, ಸುಮಾರು 300 ಕಿ.ಮೀ., ಲಾಕ್ ಸಮೇತ. 1863ರಲ್ಲಿ ಕೆಲಸ ಹಿಡಿದ ಮದ್ರಾಸ್ ಇರಿಗೇಶನ್ ಕಂಪನಿಗೆ ಹತ್ತು ಲಕ್ಷ ಪೌಂಡ್ ಬಂಡವಾಳದ ಮೇಲೆ ಸರ್ಕಾರವೇ ನೂರಕ್ಕೆ ಐದರ ಬಡ್ಡಿಯ ಭರವಸೆ ಕೊಟ್ಟಿತ್ತು. ರೈಲಿಗಿಂತ ದೋಣಿಯೇ ಅಗ್ಗ ಎಂದು ಇಂಜಿನಿಯರ್ ಆರ್ಥರ್ ಕಾಟನ್ ಸಾಹೇಬರು ವಾದಿಸಿದ್ದೇ ವಾದಿಸಿದ್ದು. ಆದರೆ 1871ರಲ್ಲಿ ಮದ್ರಾಸಿನ ರೈಲು ನಮ್ಮ ಆದೋನಿ ದಾಟಿ ರಾಯಚೂರು ಮುಟ್ಟಿತು. ಅತ್ತ ಕಪ್ಪು ನೆಲದಲ್ಲಿ ಜೋಳ ಬೆಳೆಯುವ ರೈತರು ಕಂಪನಿಯ ನೀರನ್ನು ದುಡ್ಡು ಕೊಟ್ಟು ಕೊಳ್ಳಲಿಲ್ಲ! 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

"ನೀರು ಬ್ಯಾಡ ಅಂದ್ರಾ? ನಮ್ಮೋರಾ?" ನಮ್ಮಾಕಿ ಅಷ್ಟು ಹೊತ್ತು ಲಾಕ್ ನೋಡುತ್ತಿದ್ದವಳು ನನ್ನ ಕಡೆ ತಿರುಗಿದಳು. ಹಡಗು ಏರಿದ್ದನ್ನಾದರೂ ನಂಬಿದ್ದಳು, ಇದನ್ನು ನಂಬಲಿಲ್ಲ.

ಅಷ್ಟರಲ್ಲಿ ಗೈಡ್ ಹುಡುಗಿ ಏನಾದರೂ ಕೇಳುವುದಿದೆಯೇ ಎಂದಳು. ನಮ್ಮಾಕಿ ಮಗನ ತೋಳು ಹಿಡಿದಳು. "ಈ ನೀರಿಗೆ ಟೇಲ್ ಎಂಡ್‌ನಾಗ ಯಾರದಾರ, ಕೇಳಪ್ಪಾ."

ಮಗ ಹೇಗೋ ಕೇಳಿದ. ನೀರು ಸರೋವರದಿಂದ ಸರೋವರಕ್ಕೆ ಇಳಿದು, ಕೊನೆಗೆ ಅಟ್ಲಾಂಟಿಕ್ ಸೇರುತ್ತದೆ ಎಂದಳು ಹುಡುಗಿ.

"ಸಮುದ್ರನಾ? ಅದಕ್ಕೇ ಮತ್ತೆ, ಒಬ್ರೂ ಗೇಟಿನ ಹತ್ರ ಕಾವಲು ಮಲಗಿಲ್ಲ!"